ಬಿದ್ದು ಎದ್ದ ಪೈಲ್ವಾನ

ಚಿಗಟೇರಿ ಸೀಮೆಯ ಅಖಾಡದಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರಷ್ಟೇ ಪೈಲ್ವಾನನಿಗೆ ಸೋಲು. ಜಪಾನಿನ ಸುಮೋದಲ್ಲಿ ಆ ರಿಯಾಯಿತಿಯೂ ಇಲ್ಲ. ಅಂಗಾಲು ಬಿಟ್ಟು ಮೈಯ ಯಾವ ಭಾಗ ನೆಲ ಮುಟ್ಟಿದರೂ, 4.55 ಮೀಟರ್ ವ್ಯಾಸದ ಕಣದಾಚೆ ಕಾಲಿಟ್ಟರೂ ಸೋಲೇ. ಮೈ ಭಾರವಾಗಿ, ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಕದಲಿಸುವುದು ಕಷ್ಟ. ಅದಕ್ಕೇ ಅವರು ತೂಕ ಬೆಳೆಸುತ್ತಾರೆ. ಅದರ ಬೆಲೆ ತೆರುವುದು ಮಂಡಿ.

ಮಂಗೋಲಿಯಾದಲ್ಲಿ 1991ರಲ್ಲಿ ಹುಟ್ಟಿದ ತೆರುನೊಫುಜಿ 2015ರಲ್ಲಿ ಪ್ರಶಸ್ತಿ ಗೆದ್ದು, ಒಝೆಕಿ ಎಂಬ ಎರಡನೆಯ ದೊಡ್ಡ ಪದವಿಗೇರಿದ. ಆಮೇಲೆ ಮಂಡಿಗಳು ಕೆಟ್ಟವು, ಸಕ್ಕರೆ ಕಾಯಿಲೆ ಹಿಡಿಯಿತು. ಸುಮೋದಲ್ಲಿ ವರ್ಷಕ್ಕೆ ಆರು ಪಂದ್ಯಾವಳಿ. ಪ್ರತಿ ಸಲವೂ ದರ್ಜೆ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಗಾಯಗೊಂಡು ಮಲಗಿದವನೂ ಇಳಿಯುತ್ತಾನೆ. ಇರುವ ಆರು ವಿಭಾಗಗಳಲ್ಲಿ ತಿಂಗಳ ಸಂಬಳ ಮೇಲಿನ ಎರಡಕ್ಕೆ ಮಾತ್ರ. 2019ರ ಮಾರ್ಚ್ ಹೊತ್ತಿಗೆ ಆತ ಐದನೆಯದರಲ್ಲಿದ್ದ. ಕುಸ್ತಿ ಬಿಡುತ್ತೇನೆಂದು ಗುರುವಿನ ಬಳಿ ಹಲವು ಸಲ ಕೇಳಿದ. ಗುರು ಒಪ್ಪಲಿಲ್ಲ.

ಎಳೆಯ ಹುಡುಗರೊಡನೆ ಸೆಣಸುತ್ತ ಮತ್ತೆ ಮೆಟ್ಟಿಲು ಹತ್ತಿದ. 2020ರ ಜುಲೈನಲ್ಲಿ ಅಗ್ರ ವಿಭಾಗಕ್ಕೆ ಮರಳಿದವನು ಆ ಪಂದ್ಯಾವಳಿಯನ್ನೇ ಗೆದ್ದ. 2021ರಲ್ಲಿ 73ನೆಯ ಯೊಕೊಝುನಾ ಆದ. ಈ ಸರ್ವೋಚ್ಚ ಪದವಿಯಿಂದ ಯಾರನ್ನೂ ಕೆಳಗಿಳಿಸುವುದಿಲ್ಲ. ಶಕ್ತಿ ಕುಂದಿದರೆ ತಾನಾಗಿ ನಿವೃತ್ತನಾಗಬೇಕು, ಅಷ್ಟೆ. 10 ಪ್ರಶಸ್ತಿ ಗೆದ್ದ ತೆರುನೊಫುಜಿ 2025ರ ಜನವರಿಯಲ್ಲಿ, 33ರ ವಯಸ್ಸಿಗೆ ಕಣ ಬಿಟ್ಟ.

ಅಂದು ಗುರು ಹೂಂ ಎಂದಿದ್ದರೂ ಆತ ಕಣ ಬಿಡುತ್ತಿದ್ದ. ಆದರೆ ಸೋತವನಾಗಿ.