ಎಳೆದಿಟ್ಟ ಹೆದೆ

ಕೆಂಪು ಶಾಯಿಯ ಲೇಖನಿಯನ್ನು ಕೈಯಲ್ಲಿ ಹಿಡಿದವನಿಗೆ ತಾನೂ ತಪ್ಪಬಹುದೆಂಬ ಸಂಶಯ ಹುಟ್ಟುವುದು ಅಪರೂಪ. ಇತರರ ತಪ್ಪನ್ನು ಹುಡುಕುವುದೇ ನಿತ್ಯದ ಕೆಲಸವಾದುದರಿಂದ ತನ್ನ ತಪ್ಪಿನ ಕಡೆಗೆ ಕಣ್ಣು ಹಾಯಿಸಲು ಅವನಿಗೆ ಬಿಡುವೂ ಇರುವುದಿಲ್ಲ. ಈ ಮಾತನ್ನು ನಾನು ಲೋಕಕ್ಕೆ ಬುದ್ಧಿ ಹೇಳುವುದಕ್ಕಾಗಿ ಬರೆಯುತ್ತಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಪ್ರಬಂಧದ ಪುಸ್ತಕದಲ್ಲಿ ನಾನೇ ಬರೆದ ಒಂದು ಶಬ್ದದ ಋಣ ನನ್ನ ಮೇಲಿದೆ. ಅದನ್ನು ಕಿಂಚಿತ್ತಾದರೂ ತೀರಿಸುವುದಕ್ಕಾಗಿ ಬರೆಯುತ್ತಿದ್ದೇನೆ.

ಹಲವು ವರ್ಷಗಳ ಹಿಂದಿನ ಸಂಗತಿ. ‘ಒಂದು ಸಮುದ್ರಯಾನ’ ಎಂಬ ವಿಷಯವನ್ನು ಕೊಟ್ಟು, ಕಥೆಯೊಂದನ್ನು ಬರೆದು ತರುವಂತೆ ಮಕ್ಕಳಿಗೆ ಹೇಳಿದ್ದೆ. ಕಾಸರಗೋಡಿನ ಕಡಲ ಕರೆಯಲ್ಲಿ ಬೆಳೆದ ಮಕ್ಕಳು. ಹೆಚ್ಚಿನವರು ಮೀನುಗಾರರ ದೋಣಿ, ಬಿರುಗಾಳಿ, ಕೊನೆಗೆ ದೇವರ ದಯೆ ಎಂಬ ಕ್ರಮದಲ್ಲಿ ಬರೆದು ತಂದರು. ಒಬ್ಬ ಹುಡುಗ ಮಾತ್ರ ಹಳೆಯ ಕಾಲದ ಒಂದು ಚೀನೀ ಹಡಗನ್ನು ತಂದಿದ್ದ. ಹಡಗಿನ ನಾಯಕನನ್ನು ಕೊಲ್ಲಲು ಹಣ ಪಡೆದ ಗುಪ್ತಘಾತಕನೊಬ್ಬ ಪಟಸ್ತಂಭದ ಮೇಲೆ ಅಡಗಿ ಕುಳಿತಿದ್ದಾನೆ. ಅವನ ಕೈಯಲ್ಲಿ ಅಡ್ಡಬಿಲ್ಲು. ಹೆದೆಯನ್ನು ಎಳೆದಾಗಿದೆ, ಬಾಣವನ್ನು ಇಟ್ಟಾಗಿದೆ. ನಾಯಕನು ಕೆಳಗೆ ಬಂದು ನಕ್ಷತ್ರಗಳನ್ನು ನೋಡುತ್ತ ನಿಲ್ಲುತ್ತಾನೆ, ಒಳಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಇರುಳೆಲ್ಲ ಕಳೆಯುತ್ತ ಬಂದರೂ ಮೇಲಿನವನು ಬಾಣ ಬಿಡುವುದಿಲ್ಲ. ಅಲ್ಲಿಗೆ ಪುಟ ಮುಗಿದಿತ್ತು, ಕಥೆಯೂ ಮುಗಿದಿತ್ತು. ಅಂಚಿನಲ್ಲಿ ಆ ಮನುಷ್ಯನ ಒಂದು ಚಿತ್ರವೂ ಇತ್ತು.

ನಾನು ಆ ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮೆಚ್ಚಿ ಓದಿದ್ದಲ್ಲ. ಓದಿ ಮುಗಿಸಿ ಎರಡು ಪ್ರಶ್ನೆಗಳನ್ನು ಕೇಳಿದೆ. “ಅಡ್ಡಬಿಲ್ಲು ಯುರೋಪಿನವರ ಆಯುಧ. ಮಗನ ತಲೆಯ ಮೇಲಿನ ಸೇಬಿಗೆ ಗುರಿಯಿಟ್ಟ ವಿಲಿಯಂ ಟೆಲ್ಲನ ಕಥೆಯನ್ನು ಓದಿಲ್ಲವೆ? ಅದು ಚೀನಾದವನ ಕೈಗೆ ಹೇಗೆ ಬಂತು? ಇನ್ನೊಂದು, ಎಳೆದ ಹೆದೆಯನ್ನು ಇರುಳೆಲ್ಲ ಹಿಡಿದುಕೊಂಡಿರಲು ನಿನ್ನ ಘಾತಕನೇನು ಭೀಮಸೇನನೊ?” ಮಕ್ಕಳು ನಕ್ಕರು. ಹುಡುಗ ಎದ್ದು ನಿಂತು ಮೆಲ್ಲನೆ, “ಅವನು ಹಿಡಿದುಕೊಂಡದ್ದಲ್ಲ ಮಾಸ್ಟ್ರೇ, ಬಿಲ್ಲೇ ಹಿಡಿದುಕೊಂಡದ್ದು” ಎಂದ. ನನಗೆ ಅದು ಉದ್ಧಟತನವೆಂದು ತೋರಿತು. ಪುಸ್ತಕದ ಅಂಚಿನಲ್ಲಿ, ಆ ಚಿತ್ರದ ಮೇಲೆಯೇ, ‘ಅಸಂಭವ’ ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದೆ.

ಅನಂತರ ಆ ಹುಡುಗ ಕಥೆ ಬರೆಯಲಿಲ್ಲ. ಯಾವ ವಿಷಯ ಕೊಟ್ಟರೂ ಹತ್ತು ಸಾಲು ಬರೆಯುತ್ತಿದ್ದ. ಆ ಹತ್ತು ಸಾಲುಗಳಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ.

ಅವನು ಶಾಲೆ ಬಿಟ್ಟುಹೋದ ಮೇಲೆ, ಒಂದು ಬೇಸಗೆಯ ರಜೆಯಲ್ಲಿ ಚೀನಾದ ಪ್ರಾಚೀನ ಚರಿತ್ರೆಯನ್ನು ಕುರಿತ ಪುಸ್ತಕವೊಂದು ನನ್ನ ಕೈಗೆ ಸಿಕ್ಕಿತು. ಓದುತ್ತ ಹೋದಂತೆ ನನ್ನ ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯಿತು. ಅಡ್ಡಬಿಲ್ಲು ಚೀನಾದಲ್ಲಿ ಕ್ರಿಸ್ತಪೂರ್ವದ ಆಯುಧ. ಅಲ್ಲಿಯ ಸುನ್ ತ್ಸು ಎಂಬ ಯುದ್ಧನೀತಿಜ್ಞನ ಹೆಸರಿನ ಗ್ರಂಥದಲ್ಲಿ ಸೈನ್ಯದ ಸಂಚಿತ ಶಕ್ತಿಗೆ ಉಪಮಾನವಾಗಿ ಬಂದಿರುವುದು ಎಳೆದಿಟ್ಟ ಅಡ್ಡಬಿಲ್ಲೇ. ಕ್ರಿ. ಪೂ. 341ರ ಮಾಲಿಂಗ್ ಯುದ್ಧದಲ್ಲಿ ಕತ್ತಲಲ್ಲಿ ಹೊಂಚಿ ಕುಳಿತ ಅಡ್ಡಬಿಲ್ಲುಗಾರರು ವೈರಿಸೇನೆಯನ್ನು ನಾಶಮಾಡಿದರು. 1974ರಲ್ಲಿ ಶಿಆನ್ ನಗರದ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಕಾಣಿಸಿಕೊಂಡ ಸುಟ್ಟಮಣ್ಣಿನ ಸೈನ್ಯದ ನಡುವೆ ಅಡ್ಡಬಿಲ್ಲಿನ ಕಂಚಿನ ಕೀಲುಗಳು ಸಿಕ್ಕಿವೆ. ಆ ಸೈನ್ಯವನ್ನು ಮಾಡಿಸಿಕೊಂಡ ಚಿನ್ ಚಕ್ರವರ್ತಿ ತನ್ನ ಕೊನೆಯ ವರ್ಷವಾದ ಕ್ರಿ. ಪೂ. 210ರಲ್ಲಿ ಸ್ವತಃ ಅಡ್ಡಬಿಲ್ಲನ್ನು ಹಿಡಿದು ಕಡಲ ಕರೆಯುದ್ದಕ್ಕೂ ಸಾಗಿ, ಒಂದು ಮಹಾಮತ್ಸ್ಯವನ್ನು ಹೊಡೆದು ಕೊಂದನೆಂದು ಸ್ಸುಮ ಚಿಯೆನ್ ಎಂಬ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಕಡಲಿನಲ್ಲಿ ಅಡ್ಡಬಿಲ್ಲು ಹಿಡಿದ ಚೀನೀಯನನ್ನು ನನ್ನ ಹುಡುಗ ಹುಟ್ಟಿಸಿದ್ದಲ್ಲ. ಅವನಿಗೆ ಆಗಲೇ ಎರಡು ಸಾವಿರ ವರ್ಷ ದಾಟಿತ್ತು.

ಎರಡನೆಯ ಉತ್ತರ ಆಯುಧದ ರಚನೆಯಲ್ಲಿಯೇ ಇದೆ. ಮರದ ದಂಡವೊಂದರ ತುದಿಯಲ್ಲಿ ಅಡ್ಡಲಾಗಿ ಬಿಲ್ಲನ್ನು ಕಟ್ಟಿರುತ್ತಾರೆ. ಹೆದೆಯನ್ನು ಹಿಂದಕ್ಕೆಳೆದು ದಂಡದ ಮೇಲಿನ ಕಂಚಿನ ಕೊಕ್ಕೆಗೆ ಸಿಕ್ಕಿಸುತ್ತಾರೆ. ಕೆಳಗಿನ ಸನ್ನೆಯನ್ನು ಒತ್ತಿದಾಗ ಕೊಕ್ಕೆ ಬಾಗಿ ಹೆದೆ ಬಿಡುಗಡೆಯಾಗುತ್ತದೆ. ಸಾಮಾನ್ಯ ಬಿಲ್ಲಿನಲ್ಲಿ ಹೆದೆಯ ಸೆಳೆತವೆಲ್ಲ ಮನುಷ್ಯನ ತೋಳಿನ ಮೇಲಿರುತ್ತದೆ. ಎಳೆದವನು ಕ್ಷಣಗಳಲ್ಲಿ ಬಿಡಲೇಬೇಕು. ಅಡ್ಡಬಿಲ್ಲಿನಲ್ಲಿ ಆ ಸೆಳೆತವನ್ನು ಕೊಕ್ಕೆ ಹೊರುತ್ತದೆ. ಬಹಳ ಹೊತ್ತು ಎಳೆದಿಟ್ಟರೆ ಬಿಲ್ಲಿನ ಕಸುವು ಕುಗ್ಗುವುದು ನಿಜ. ಆದರೂ ಮನುಷ್ಯನು ಕಾಯಬಲ್ಲ, ಯೋಚಿಸಬಲ್ಲ, ಮನಸ್ಸನ್ನು ಬದಲಿಸಬಲ್ಲ. ‘ಬಿಲ್ಲೇ ಹಿಡಿದುಕೊಂಡದ್ದು’ ಎಂದು ಹುಡುಗ ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು.

ಇಷ್ಟೇ ಆಗಿದ್ದರೆ, ದೂರದೇಶದ ಸಂಗತಿ, ತಿಳಿದಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ಇಬ್ನ್ ಬತೂತನ ಪ್ರವಾಸಕಥನ ಆ ಸಮಾಧಾನವನ್ನೂ ಕಸಿದುಕೊಂಡಿತು. ಹದಿನಾಲ್ಕನೆಯ ಶತಮಾನದಲ್ಲಿ ಅವನು ಮಂಗಳೂರಿನಿಂದ ಹಡಗು ಹತ್ತಿ ಎರಡು ದಿನಗಳಲ್ಲಿ ‘ಹೀಲಿ’ಗೆ, ಎಂದರೆ ಏಳಿಮಲೆಗೆ, ಹೋದನು. ಆ ದಾರಿಯಲ್ಲಿ ಎಡಗಡೆಗೆ ಕಂಡ ತೀರವೇ ನಮ್ಮದು. ಚೀನಾದ ಹಡಗುಗಳು ಏಳಿಮಲೆಗೂ ಬರುತ್ತಿದ್ದುವೆಂದು ಅವನು ಬರೆಯುತ್ತಾನೆ. ಕಲ್ಲಿಕೋಟೆಯಲ್ಲಿ ಅಂತಹ 13 ಹಡಗುಗಳನ್ನು ಕಂಡನು. ದೊಡ್ಡ ಹಡಗೊಂದರಲ್ಲಿ 1000 ಜನ: 600 ನಾವಿಕರು, 400 ಯೋಧರು. ಆ ಯೋಧರಲ್ಲಿ ಬಿಲ್ಲಿನವರು, ಗುರಾಣಿಯವರು, ಅವರ ಜೊತೆಗೆ ಉರಿಯುವ ಎಣ್ಣೆಯನ್ನು ಎಸೆಯುವ ಅಡ್ಡಬಿಲ್ಲಿನವರು. ನನ್ನ ತರಗತಿಯ ಕಿಟಕಿಯಿಂದ ಕಾಣುವ ಕಡಲಿನಲ್ಲಿ ಒಂದು ಕಾಲಕ್ಕೆ ಇದ್ದವನನ್ನು ನಾನು ‘ಅಸಂಭವ’ ಎಂದು ಹೊಡೆದುಹಾಕಿದ್ದೆ.

ಚರಿತ್ರೆಯಿಂದ ಕಥೆಗೆ ಬರೋಣ. ಹುಡುಗನ ಘಾತಕನಿಗೆ ಚೀನೀ ಸಾಹಿತ್ಯದಲ್ಲಿ ಒಬ್ಬ ಅಣ್ಣನಿದ್ದಾನೆ. ಅವನ ಹೆಸರು ಯೆನ್ ಚಿಂಗ್. ‘ಶುಯ್ ಹು’, ಎಂದರೆ ‘ನೀರಂಚು’ ಎಂಬ ಹೆಸರಿನ ಮಹಾಕಾದಂಬರಿಯ 108 ವೀರರಲ್ಲಿ ಅವನೊಬ್ಬ. ಅನ್ಯಾಯಕ್ಕೆ ಸಿಕ್ಕಿ ಜೌಗುನೆಲದ ಕೋಟೆಯೊಂದನ್ನು ಸೇರಿದ ಬಂಡುಕೋರರ ಕಥೆ ಅದು. ಪರ್ಲ್ ಬಕ್ ಅದನ್ನು 1933ರಲ್ಲಿ ಇಂಗ್ಲಿಷಿಗೆ ತಂದರು. ಯೆನ್ ಚಿಂಗ್ ತಬ್ಬಲಿ. ಲು ಚುನ್ ಯಿ ಎಂಬ ಧನಿಕನ ಮನೆಯಲ್ಲಿ ಬೆಳೆದವನು. ಹಾಡು ಬಲ್ಲ, ಕೊಳಲು ಬಲ್ಲ, ಮಲ್ಲಯುದ್ಧ ಬಲ್ಲ. ಅವನ ಅಡ್ಡಬಿಲ್ಲಿನ ಗಿಡ್ಡ ಬಾಣಗಳು ಗುರಿ ತಪ್ಪಿದವುಗಳಲ್ಲ. ಧಣಿ ಊರಿನಲ್ಲಿಲ್ಲದಾಗ ಮನೆಯ ಕಾರಭಾರಿ ಧಣಿಯ ಹೆಂಡತಿಯೊಡನೆ ಸೇರಿ ಆಸ್ತಿಯನ್ನು ಕಬಳಿಸಿ, ಯೆನ್ ಚಿಂಗನನ್ನು ಹೊರಗೆ ಹಾಕುತ್ತಾನೆ. ತಿರಿದು ತಿನ್ನುತ್ತ ದಾರಿ ಕಾದಿದ್ದ ಅವನು, ಹಿಂದಿರುಗಿದ ಧಣಿಗೆ ನಡೆದುದನ್ನು ಹೇಳುತ್ತಾನೆ. ಧಣಿ ನಂಬುವುದಿಲ್ಲ, ಒದ್ದು ಮುಂದೆ ಹೋಗುತ್ತಾನೆ. ಹೋದವನು ಸೆರೆಯಾಗಿ, ಗಡೀಪಾರಿನ ಶಿಕ್ಷೆ ಹೊಂದುತ್ತಾನೆ. ಲಂಚ ತಿಂದ ಕಾವಲುಗಾರರಿಬ್ಬರು ಅವನನ್ನು ಕಾಡಿನಲ್ಲಿ ಮರಕ್ಕೆ ಕಟ್ಟಿ ದೊಣ್ಣೆ ಎತ್ತುತ್ತಾರೆ. ಆಗ ಮರದ ಮೇಲಿನಿಂದ ಒಂದು ಬಾಣ, ಅದರ ಹಿಂದೆ ಇನ್ನೊಂದು. ಮರೆಯಿಂದ ಬಿಟ್ಟ ಬಾಣಕ್ಕೆ ಚೀನೀಯರು ‘ತಣ್ಣನೆಯ ಬಾಣ’ ಎನ್ನುತ್ತಾರೆ. ಒದೆಸಿಕೊಂಡವನು ಒದ್ದವನನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ.

ಈ ಭಾಗವನ್ನು ಓದುವಾಗ ನನ್ನ ಮನಸ್ಸು ಘಾತಕನ ಕಡೆಗಲ್ಲ, ಧಣಿಯ ಕಡೆಗೆ ಹೋಯಿತು. ಕಿರಿಯವನು ಹೇಳಿದನೆಂಬ ಒಂದೇ ಕಾರಣಕ್ಕೆ ನಿಜವನ್ನು ಒದ್ದು ನಡೆಯುವ ಧಣಿಗಳು ಕಾದಂಬರಿಯಲ್ಲಿ ಮಾತ್ರವೇ ಇರುವುದಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಸೈನ್ಯ ದಂಡಯಾತ್ರೆಯಿಂದ ಮರಳುತ್ತಿರುವಾಗ ಯೆನ್ ಚಿಂಗ್ ಸಾಮಾನ್ಯ ಬಿಲ್ಲಿನ ವಿದ್ಯೆಯನ್ನು ಆಗತಾನೆ ಕಲಿಯುತ್ತಿರುತ್ತಾನೆ. ಕೈಚಳಕ ನೋಡಿಕೊಳ್ಳುವ ಆಸೆಯಿಂದ ಆಕಾಶದಲ್ಲಿ ಸಾಲುಗಟ್ಟಿ ಹೋಗುತ್ತಿದ್ದ ಕಾಡುಬಾತುಗಳಿಗೆ ಬಾಣ ಬಿಟ್ಟು ಹತ್ತಾರನ್ನು ಕೆಡಹುತ್ತಾನೆ. ನಾಯಕ ಸುಂಗ್ ಚಿಯಾಂಗ್ ಅವನನ್ನು ಕರೆದು, ಗದರದೆ, ಆ ಹಕ್ಕಿಗಳ ಗುಣವನ್ನು ವಿವರಿಸುತ್ತಾನೆ: ಅವು ಕ್ರಮ ತಪ್ಪದೆ ಹಾರುತ್ತವೆ; ಜೊತೆಯದು ಸತ್ತರೆ ಮತ್ತೊಂದನ್ನು ಕೂಡುವುದಿಲ್ಲ; ಸಾಲಿನಲ್ಲಿ ಕೆಲವು ಬಿದ್ದರೆ ಉಳಿದವುಗಳ ಗತಿ ಏನು, ನಮ್ಮಲ್ಲಿಯೇ ಕೆಲವರು ಬಿದ್ದರೆ ನಮ್ಮ ಗತಿ ಏನು? ಯೆನ್ ಚಿಂಗ್ ಮಾತಿಲ್ಲದೆ ಪಶ್ಚಾತ್ತಾಪ ಪಡುತ್ತಾನೆ. ಕ್ರೌಂಚಪಕ್ಷಿಯ ಮೇಲೆ ಬಿದ್ದ ಬಾಣದಿಂದ ಕಾವ್ಯದ ಹುಟ್ಟನ್ನು ಕಂಡ ನಾಡಿನ ನಮಗೆ ಈ ಪ್ರಸಂಗ ಹೊರಗಿನದೆಂದು ತೋರುವುದಿಲ್ಲ. ಕಾಯಬಲ್ಲ ಆಯುಧ ಕೈಯಲ್ಲಿದ್ದಾಗ ಈ ಮನುಷ್ಯ ಒಂದು ಜೀವವನ್ನು ಉಳಿಸಿದ. ಕಾಯಲಾರದ ಆಯುಧ ಕೈಗೆ ಬಂದಾಗ, ಹೊಸ ವಿದ್ಯೆಯ ಹುರುಪಿನಲ್ಲಿ, ನಿರಪರಾಧಿಗಳನ್ನು ಕೊಂದ. ನಾನು ಆ ‘ಅಸಂಭವ’ವನ್ನು ಬರೆದದ್ದೂ ವಿದ್ಯೆಯ ಹುರುಪಿನಲ್ಲಿಯೇ.

ಅವನ ಕಥೆ ಕಡಲಿಗೂ ಸಾಗುತ್ತದೆ. ಮೊದಲ ಗ್ರಂಥದ ಕೊನೆಯಲ್ಲಿ ವೀರರು ಬಹುಮಂದಿ ಮಡಿದ ಮೇಲೆ, ರಾಜಸನ್ಮಾನವನ್ನು ನಂಬಬೇಡವೆಂದು ಅವನು ಧಣಿಗೆ ಮತ್ತೊಮ್ಮೆ ಎಚ್ಚರ ಹೇಳುತ್ತಾನೆ. ಧಣಿ ಈ ಸಲವೂ ಕೇಳುವುದಿಲ್ಲ. ಪಾದರಸದ ವಿಷವುಂಡು ನೀರಿಗೆ ಬಿದ್ದು ಸಾಯುತ್ತಾನೆ. ಯೆನ್ ಚಿಂಗ್ ಮಾತ್ರ ಆ ಮೊದಲೇ ನಮಸ್ಕರಿಸಿ ಕಣ್ಮರೆಯಾಗಿರುತ್ತಾನೆ. 1644ರಲ್ಲಿ ಮಿಂಗ್ ರಾಜ್ಯ ಬಿದ್ದುಹೋದ ಮೇಲೆ, ಛೆನ್ ಛೆನ್ ಎಂಬ ಲೇಖಕ ಅವನನ್ನು ಮತ್ತೆ ಕರೆತಂದು ಉತ್ತರಕಥೆಯೊಂದನ್ನು ರಚಿಸಿದನು. ಅದು 1664ರಲ್ಲಿ ಬೆಳಕು ಕಂಡಿತು. ತನ್ನ ಹೆಸರನ್ನು ಮುಚ್ಚಿಟ್ಟು, ‘ಪ್ರಾಚೀನ ಸುಂಗ್ ರಾಜ್ಯದ ಉಳಿದ ಪ್ರಜೆ’ ಎಂಬ ಹೆಸರನ್ನು ಅವನು ಇಟ್ಟುಕೊಂಡನು. 1956ರಲ್ಲಿ, ತಾನು ನಿಂತ ನೆಲ ಕದಲದೆಯೇ ಬೇರೊಂದು ರಾಜ್ಯದ ಪ್ರಜೆಯಾದ ಊರಿನ ಓದುಗರಿಗೆ ಆ ‘ಉಳಿದ’ ಎಂಬ ಪದವನ್ನು ನಾನು ವಿವರಿಸಬೇಕಾಗಿಲ್ಲ.

ಆ ಉತ್ತರಕಥೆಯಲ್ಲಿ ಉಳಿದ ವೀರರು ಹಡಗೇರಿ ಸಯಾಮಿಗೆ ಹೋಗಿ ಹೊಸ ರಾಜ್ಯ ಕಟ್ಟುತ್ತಾರೆ. ಅದಕ್ಕೂ ಮೊದಲು ಯೆನ್ ಚಿಂಗ್ ಪ್ರಾಣದ ಹಂಗು ತೊರೆದು ಶತ್ರುಗಳ ಪಾಳೆಯವನ್ನು ಹೊಗುತ್ತಾನೆ. ಅಲ್ಲಿ ಸೆರೆಯಲ್ಲಿರುವವನು ರಾಜ್ಯ ಕಳೆದುಕೊಂಡ ಮುದಿ ಚಕ್ರವರ್ತಿ. ಅಂತಹ ಬಿಲ್ಲುಗಾರನು ಪಾಳೆಯದೊಳಕ್ಕೆ ಒಯ್ದುದೇನು? ಹಸಿರು ಆಲಿವ್ ಕಾಯಿಗಳನ್ನು ಮತ್ತು ಹಳದಿ ಕಿತ್ತಳೆಗಳನ್ನು. ಆ ಕಾಯಿ ನಮ್ಮ ನೆಲ್ಲಿಕಾಯಿಯಂತೆ ಮೊದಲು ಒಗರು, ಅನಂತರ ಸವಿ. ಕಹಿ ಕಳೆದು ಸಿಹಿ ಬರಲಿ ಎಂಬುದು ಆ ಕಾಣಿಕೆಯ ಅರ್ಥ. ಬಿಡದೆ ಉಳಿಸಿಕೊಂಡ ಬಾಣ ಕೊನೆಗೆ ಹಣ್ಣಾಯಿತೆಂದು ನನಗೆ ತೋರಿತು.

ಕೆಲವು ವರ್ಷಗಳ ಮೇಲೆ ಆ ಹುಡುಗ, ಈಗ ಮೀಸೆ ಬಂದ ಯುವಕ, ಯಾವುದೋ ದಾಖಲೆಗಾಗಿ ಶಾಲೆಗೆ ಬಂದಿದ್ದ. ನಾನು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ: ಕಂಚಿನ ಕೊಕ್ಕೆ, ಕಲ್ಲಿಕೋಟೆಯ ಹಡಗುಗಳು, ಯೆನ್ ಚಿಂಗ್. “ನೀನು ಬರೆದದ್ದು ಸರಿ, ನಾನು ಬರೆದದ್ದು ತಪ್ಪು” ಎಂದೆ. ಅವನು ಸಂಕೋಚದಿಂದ ನಕ್ಕು, “ಹೋಗಲಿ ಮಾಸ್ಟ್ರೇ, ಸಣ್ಣ ವಿಷಯ” ಎಂದ. ನನಗೆ ತಡೆಯಲಾಗಲಿಲ್ಲ. “ಕೊನೆಗೆ ಅವನು ಬಾಣ ಬಿಟ್ಟನೆ?” ಎಂದು ಕೇಳಿದೆ.

ಅವನು ಕಿಟಕಿಯ ಹೊರಗೆ ನೋಡುತ್ತ ತುಸು ಹೊತ್ತು ಯೋಚಿಸಿದ. “ಬರೆಯುವಾಗ ಗೊತ್ತಿತ್ತು ಮಾಸ್ಟ್ರೇ. ಈಗ ನೆನಪಿಲ್ಲ.”

ಅಂದಿನಿಂದ ಪ್ರಬಂಧಗಳ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಬರೆಯುತ್ತೇನೆ. ಸಂಶಯ ಬಂದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಹಾಕಿ, ಹುಡುಗನನ್ನು ಬಳಿಗೆ ಕರೆದು ಕೇಳುತ್ತೇನೆ. ಕೆಲವೊಮ್ಮೆ ತಪ್ಪು ಅವನದಾಗಿರುತ್ತದೆ, ಕೆಲವೊಮ್ಮೆ ನನ್ನದು. ಪೆನ್ಸಿಲಿನ ಗುರುತನ್ನು ಅಳಿಸಬಹುದು. ಆ ಕೆಂಪು ಶಾಯಿಯ ಪುಸ್ತಕ ಎಲ್ಲಿದೆಯೆಂದು ಅವನಿಗೂ ತಿಳಿಯದು.