ಡಬ್ಬಿಗೆ ಬಿದ್ದ ಕಾಗದ

ತಿರುವೊಟ್ಟಿಯೂರಿನಲ್ಲಿ ಎಣ್ಣೂರು ರಸ್ತೆಯುದ್ದಕ್ಕೂ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಅದರ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ಕೂತು ಚಾಮರಾಜನಗರ ಕಡೆಯ ಯುವತಿಯೊಬ್ಬಳು ಸಣ್ಣ ಡಯಾಲಿಸಿಸ್ ಕೇಂದ್ರವೊಂದಕ್ಕೆ ಲಾರಾವೆಲ್‌ನಲ್ಲಿ ತಂತ್ರಾಂಶ ಬರೆದುಕೊಟ್ಟಿದ್ದಳು. ಸರದಿಯ ಹೊತ್ತು ಬದಲಾದರೆ ರೋಗಿಯ ಮನೆಗೆ ಎಸ್‌ಎಂಎಸ್ ಹೋಗಬೇಕು. ಆ ಕೆಲಸ ಕ್ಯೂಗೆ ಸೇರುತ್ತದೆ, ಹಿನ್ನೆಲೆಯಲ್ಲಿ ಓಡುವ ವರ್ಕರ್ ಅದನ್ನು ಎತ್ತಿಕೊಂಡು ಮುಗಿಸುತ್ತದೆ. ಟೆಸ್ಟುಗಳೆಲ್ಲ ಹಸಿರು.

ಒಂದು ಸೋಮವಾರ ಬೆಳಿಗ್ಗೆ ಆರಕ್ಕೇ ಮುದುಕರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ಅವರ ಸರದಿ ಮಧ್ಯಾಹ್ನ ಎರಡಕ್ಕೆ ಹೋಗಿತ್ತು, ಸಂದೇಶ ಬಂದಿರಲಿಲ್ಲ. ಕೇಂದ್ರದವರು ಫೋನ್ ಮಾಡಿದಾಗ ಅವಳ ಬಾಯಿಗೆ ಮೊದಲು ಬಂದದ್ದು, "ಟೆಸ್ಟ್ ಪಾಸಾಗಿದೆಯಲ್ಲ!"

ಟೆಸ್ಟ್ ಸುಳ್ಳು ಹೇಳಿರಲಿಲ್ಲ. ಕ್ಯೂ ಫೇಕ್ ಬಳಸಿದರೆ ಕೆಲಸ ಸಾಲಿಗೆ ಸೇರಿತೇ ಎಂದಷ್ಟೇ ಕೇಳಬಹುದು. ಅದರೊಳಗಿನ ಹ್ಯಾಂಡಲ್ ಮೆಥಡ್ ಓಡುವುದೇ ಇಲ್ಲ. ಕಾಗದ ಅಂಚೆ ಡಬ್ಬಿಗೆ ಬಿದ್ದದ್ದಕ್ಕೆ ಸಾಕ್ಷಿ, ಮನೆ ಮುಟ್ಟಿದ್ದಕ್ಕಲ್ಲ. ಸರಿ ಎಂದು ಫೇಕ್ ತೆಗೆದು ಸಿಂಕ್ ಡ್ರೈವರ್‌ನಲ್ಲಿ ಓಡಿಸಿದಳು. ಅದೂ ಹಸಿರು!

ಎರಡು ರಾತ್ರಿ ಹೋದವು. ಹೊಸ ಸರದಿಯ ದಾಖಲೆ ಉಳಿಸುವುದು, ಕೆಲಸವನ್ನು ಕ್ಯೂಗೆ ಹಾಕುವುದು ಎರಡೂ ಒಂದೇ ಟ್ರಾನ್ಸಾಕ್ಷನ್ ಒಳಗಿದ್ದವು. ಕ್ಯೂಗೆ ಹೋಗುವುದು ದಾಖಲೆಯ ಐಡಿ ಮಾತ್ರ. ಸಿಂಕ್‌ನಲ್ಲಿ ಕೆಲಸ ಅದೇ ಸಂಪರ್ಕದಲ್ಲಿ ಓಡುವುದರಿಂದ ಕಮಿಟ್ ಆಗದ ದಾಖಲೆಯೂ ಕಾಣುತ್ತದೆ. ಅಲ್ಲಿ ನಿಜವಾಗಿ ಇದ್ದದ್ದು ರೆಡಿಸ್. ವರ್ಕರ್ ಬೇರೆಯೇ ಪ್ರಕ್ರಿಯೆ, ಅದಕ್ಕೆ ಕಮಿಟ್ ಆಗುವವರೆಗೆ ಏನೂ ಕಾಣದು. ಸಾಲು ಖಾಲಿಯಿದ್ದಾಗ ವರ್ಕರ್ ಮೂರು ಸೆಕೆಂಡು ಮಲಗುತ್ತದೆ, ಅದು ಏಳುವಷ್ಟರಲ್ಲಿ ಸಾಮಾನ್ಯವಾಗಿ ಕಮಿಟ್ ಮುಗಿದಿರುತ್ತದೆ. ಗದ್ದಲದ ದಿನ ಮಲಗುವುದೇ ಇಲ್ಲ. ತಕ್ಷಣ ಎತ್ತಿಕೊಳ್ಳುತ್ತದೆ, ದಾಖಲೆ ಸಿಗುವುದಿಲ್ಲ. ಅದರ ಮೇಲೆ, ದಾಖಲೆ ಸಿಗದಿದ್ದರೆ ಕೆಲಸವನ್ನು ಸುಮ್ಮನೆ ಅಳಿಸಿಬಿಡು ಎಂಬ ಸಾಲೊಂದನ್ನು ಅವಳೇ ಹಿಂದೆ ಸೇರಿಸಿದ್ದಳು, ಲಾಗ್ ಚೊಕ್ಕಟವಾಗಿರಲಿ ಅಂತ. ಹಾಗಾಗಿ ಫೇಲ್ ಆದ ಕೆಲಸಗಳ ಪಟ್ಟಿಯೂ ಖಾಲಿ. (ಇದೆಲ್ಲ ಲಾರಾವೆಲ್‌ನ ಕೈಪಿಡಿಯಲ್ಲೇ ಇದೆ. ಕೈಪಿಡಿ ಓದುವುದು ಕೆಟ್ಟ ಮೇಲೆ ತಾನೆ.)

ಮೊದಲು ಟೆಸ್ಟ್ ಬರೆದಳು: ಸಾಲಿಗೆ ಸೇರಿದ ಕೆಲಸದ ಆಫ್ಟರ್‌ಕಮಿಟ್ ಗುಣ ನಿಜವೇ? ಕೆಂಪು. ಡಿಸ್‌ಪ್ಯಾಚ್‌ಗೆ ಆಫ್ಟರ್‌ಕಮಿಟ್ ಸೇರಿಸಿದ ಮೇಲೆ ಹಸಿರು. ಹ್ಯಾಂಡಲ್ ಅನ್ನು ನೇರವಾಗಿ ಕರೆದು, ಎಸ್‌ಎಂಎಸ್‌ನಲ್ಲಿ ಹೊಸ ಹೊತ್ತೇ ಇದೆಯೇ ಎಂದು ನೋಡುವ ಇನ್ನೊಂದನ್ನೂ ಬರೆದಳು. ಸುಮ್ಮನೆ ಅಳಿಸುವ ಆ ಸಾಲನ್ನು ತೆಗೆದುಹಾಕಿದಳು.

ಕೇಂದ್ರದವರು ಆ ಮುದುಕರಿಗೆ ಈಗಲೂ ಹಿಂದಿನ ಸಂಜೆ ಒಂದು ಫೋನ್ ಮಾಡುತ್ತಾರೆ. ಬೇಡ ಎಂದು ಅವಳು ಹೇಳಿಲ್ಲ.