ಕಿನ್ನಾಳದ ಪಡಸಾಲೆಯ ಚಿತ್ರಶಾಲೆ

ಕೊಪ್ಪಳಕ್ಕೆ ಹೋದವರು ಗವಿಮಠದ ದರ್ಶನ ಪಡೆದು, ಕೋಟೆಯನ್ನು ಕಂಡು ಹಿಂದಿರುಗುವುದು ವಾಡಿಕೆ. ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದ ಕಿನ್ನಾಳಕ್ಕೂ ಒಂದು ಹೊತ್ತನ್ನು ಮೀಸಲಿಡಬೇಕೆಂಬುದು ನಮ್ಮ ಬಿನ್ನಹ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯ ಈ ಗ್ರಾಮವು ಬಣ್ಣದ ಮರದ ಗೊಂಬೆಗಳಿಗೆ ಹೆಸರಾಗಿದೆ. ಇಲ್ಲಿಯ ಚಿತ್ರಗಾರ ಮನೆತನಗಳ ಪೂರ್ವಜರು ವಿಜಯನಗರದ ಆಶ್ರಯದಲ್ಲಿ ಕೆಲಸ ಮಾಡಿದವರೆಂಬ ನಂಬಿಕೆ ಇದೆ. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಚಿತ್ರಶಾಲೆ ಎಂದೊಡನೆ ನಮ್ಮ ಕಣ್ಣ ಮುಂದೆ ವಿಶಾಲವಾದ ಕೊಠಡಿ, ಗಾಜಿನ ಕಿಟಕಿ, ಬೆಲೆಬಾಳುವ ಸಲಕರಣೆಗಳು ಮೂಡುತ್ತವೆ. ಕಿನ್ನಾಳದಲ್ಲಿ ಅಂಥದೇನೂ ಇಲ್ಲ. ಮನೆಯ ಪಡಸಾಲೆಯೇ ಕಾರ್ಯಾಗಾರ, ನೆಲವೇ ಮೇಜು, ಬಾಗಿಲಿನಿಂದ ಬರುವ ಬೆಳಕೇ ದೀಪ. ಒಬ್ಬರು ಹಗುರವಾದ ಪೊಳಿಕಿ ಮರವನ್ನು ಕೆತ್ತಿದರೆ, ಇನ್ನೊಬ್ಬರು ಬಿಡಿಭಾಗಗಳನ್ನು ಜೋಡಿಸುತ್ತಾರೆ. ಮತ್ತೊಬ್ಬರು ಬಣ್ಣ ಹಚ್ಚುತ್ತಾರೆ. ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟನ್ನು ಕಲಸಿದ 'ಕಿಟ್ಟ'ವೇ ಬೆಸುಗೆ. ಸೆಣಬಿನ ಚಿಂದಿಯ ಪುಡಿಯೂ ಬೆಣಚುಕಲ್ಲಿನ ಹುಡಿಯೂ ಮೇಲ್ಮೈಯನ್ನು ನುಣುಪುಗೊಳಿಸುವ ಲೇಪಗಳಾಗುತ್ತವೆ. ಅನ್ಯರು ಕಸವೆಂದು ಎಸೆಯುವ ವಸ್ತುಗಳಿಂದ ಇಲ್ಲಿ ಗರುಡ, ಕಾಮಧೇನು, ಗೌರಿಯರು ರೂಪ ತಳೆಯುತ್ತಾರೆ.

ಇದನ್ನು ಕಂಡಾಗ ನಮ್ಮ ಮನೆಗಳ ನೆನಪಾಗದಿರದು. ಶಾಲೆಯಲ್ಲಿ ಚಿತ್ರಕಲೆಗೆ ಬಹುಮಾನ ಪಡೆದ ಎಷ್ಟೋ ಹೆಣ್ಣುಮಕ್ಕಳು ಮದುವೆಯಾದ ಮೇಲೆ ಕುಂಚ ಹಿಡಿಯುವುದೇ ಇಲ್ಲ. ಶೋಕೇಸಿಗೆ ಗೋಡೆ ಸಿಗುತ್ತದೆ, ಟೀವಿಗೆ ನಡುಮನೆ ಸಿಗುತ್ತದೆ. ಚಿತ್ರ ಬರೆಯುವ ಸೊಸೆಗೆ ಎರಡು ಮೊಳ ಜಾಗ ಸಿಗುವುದಿಲ್ಲ. ಕೇಳಿದರೆ ಖರ್ಚಿನ ಮಾತು ಬರುತ್ತದೆ. ಆ ಮಾತಿಗೆ ಕಿನ್ನಾಳದ ಪಡಸಾಲೆಯೇ ಉತ್ತರ.

ಮೊದಲು ಬೇಕಾದುದು ಬೆಳಕು. ಉತ್ತರದ ಕಿಟಕಿಯ ಬೆಳಕು ಹೆಚ್ಚು ಏರುಪೇರಿಲ್ಲದೆ ಇರುವುದರಿಂದ ಬಣ್ಣದ ನಿಜರೂಪ ಕಾಣುತ್ತದೆ. ಆದರೆ ಕೊಪ್ಪಳದ ಸೀಮೆಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆ ದಿನಗಳಲ್ಲಿ ಹಳೆಯ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿದರೆ ಸಾಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು. ಆಗ ಕೈಯ ನೆರಳು ಚಿತ್ರದ ಮೇಲೆ ಬೀಳದು.

ಎರಡನೆಯದು ಹಲಗೆ. ಬಡಗಿಯ ಬಳಿ ಉಳಿಯುವ ಪ್ಲೈವುಡ್ ತುಂಡನ್ನು ಮರಳು ಕಾಗದದಿಂದ ಉಜ್ಜಿ, ಮಣೆಯೊಂದಕ್ಕೆ ಓರೆಯಾಗಿ ಆನಿಸಿದರೆ ಅದೇ ಚಿತ್ರಪೀಠ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು. ಹುರಿದು ನೆನೆಸಿ ಸಿಪ್ಪೆ ತೆಗೆದ ಹುಣಸೆ ಬೀಜವನ್ನು ಅರೆದು ನೀರಿನಲ್ಲಿ ಕುದಿಸಿದರೆ ಅಂಟು ಸಿದ್ಧ. ಅದು ಬೇಗ ಕೆಡುವುದರಿಂದ ಬೇಕಾದಷ್ಟೇ ಮಾಡಿಕೊಳ್ಳುವುದು ಲೇಸು. ಈ ಅಂಟಿಗೆ ಸೀಮೆಸುಣ್ಣದ ಪುಡಿ ಬೆರೆಸಿ ರಟ್ಟಿನ ಮೇಲೆ ತೆಳುವಾಗಿ ಎರಡು ಸಲ ಬಳಿದು ಒಣಗಿಸಿದರೆ ಬಣ್ಣ ಹಿಡಿಯುವ ಹದ ಬರುತ್ತದೆ.

ಇನ್ನು ಬಣ್ಣ. ಆರಂಭದಲ್ಲಿಯೇ ದೊಡ್ಡ ಪೆಟ್ಟಿಗೆ ಕೊಳ್ಳಬೇಕಾಗಿಲ್ಲ. ಕೆಂಪು, ಹಳದಿ, ನೀಲಿ, ಬಿಳಿ ಎಂಬ 4 ಬಣ್ಣಗಳಿದ್ದರೆ ಉಳಿದವುಗಳಲ್ಲಿ ಬಹುಪಾಲು ಬೆರಕೆಯಿಂದ ದೊರೆಯುತ್ತವೆ. ಮಕ್ಕಳಿರುವ ಮನೆಗೆ ನೀರಿನಲ್ಲಿ ಕರಗುವ ಬಣ್ಣಗಳೇ ಯೋಗ್ಯ. ವಾಸನೆಯಿಲ್ಲ, ಕುಂಚ ತೊಳೆಯಲು ನೀರೇ ಸಾಕು. ಉಣ್ಣುವ ತಟ್ಟೆ, ಕುಡಿಯುವ ಲೋಟಗಳನ್ನು ಬಣ್ಣಕ್ಕೆ ಬಳಸಕೂಡದು. ಹಣವನ್ನು ಉಳಿಸಬಾರದ ಒಂದೇ ವಸ್ತು ಕುಂಚ. ಅಗ್ಗದ 10 ಕುಂಚಗಳಿಗಿಂತ ಉತ್ತಮವಾದ 2 ಕುಂಚಗಳು ಹೆಚ್ಚು ಕಾಲ ಬಾಳುತ್ತವೆ. ತೊಳೆದ ಮೇಲೆ ಅವನ್ನು ಮಲಗಿಸಿ ಒಣಗಿಸಬೇಕು.

ಇಷ್ಟನ್ನೂ ಒಂದು ಟ್ರಂಕಿನಲ್ಲಿ ಇಟ್ಟು ಸಂಜೆ ಮುಚ್ಚಿಬಿಡಬಹುದು. ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಅಂಗಡಿಯಲ್ಲಿ ದೊರೆಯದು. ದಿನಕ್ಕೊಂದು ಗಂಟೆ ಆಕೆಯನ್ನು ಯಾರೂ ಕೂಗದಿರುವುದು, ಆ ಹೊತ್ತಿನಲ್ಲಿ ಬಂದ ಅತಿಥಿಗೆ ಚಹಾ ಮಾಡಲು ಬೇರೆಯವರು ಏಳುವುದು, ಇವು ಮನೆಮಂದಿ ಕೊಡಬೇಕಾದ ಕಾಣಿಕೆ. ಕಿನ್ನಾಳದಲ್ಲಿ ಬಣ್ಣದ ಕೆಲಸ ಮನೆಯ ಕೆಲಸವೆಂದೇ ಎಣಿಕೆಯಾಗುತ್ತದೆ; ನಮ್ಮಲ್ಲಿ ಅದು ಹೊತ್ತು ಕಳೆಯುವ ಚಟವೆನಿಸಿದೆ.

ಕಿನ್ನಾಳಕ್ಕೆ ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ಗೊಂಬೆಯೊಂದನ್ನು ಚೌಕಾಸಿ ಮಾಡದೆ ಕೊಳ್ಳಿರಿ. ಕೆತ್ತುವವರ ಮಕ್ಕಳು ಈ ವಿದ್ಯೆಯಲ್ಲಿ ಉಳಿಯಬೇಕಾದರೆ ಅವರ ದುಡಿಮೆಗೆ ತಕ್ಕ ಬೆಲೆ ಸಿಗಲೇಬೇಕು. ಮನೆಗೆ ಬಂದ ಮೇಲೆ ಉತ್ತರದ ಕಿಟಕಿಯ ಕೆಳಗಿರುವ ಸಾಮಾನುಗಳನ್ನು ತುಸು ಸರಿಸಿ ನೋಡಿರಿ. ಎರಡು ಮೊಳ ಜಾಗ ಎಲ್ಲರ ಮನೆಯಲ್ಲಿಯೂ ಇರುತ್ತದೆ.